ವೈಯಲ್ ಮುಚ್ಚಳ ಹಾಕಿ ಭಯ ಅಳೆದದ್ದು

ನಮ್ಮ ಆಸ್ಪತ್ರೆಯ ಕೋವಿಡ್ ವಾರ್ಡಿನ ಸಿಬ್ಬಂದಿ ತಮ್ಮ ಭಯವನ್ನು ಹೆಸರು ಹೇಳದೆ ತಿಳಿಸಲಿ ಎಂದು ಇಂಜೆಕ್ಷನ್ ಸೀಸೆಯ ಬಣ್ಣದ ಮುಚ್ಚಳವನ್ನು ಚೀಲಕ್ಕೆ ಹಾಕಿಸುತ್ತಿದ್ದೆವು. ಭಯಕ್ಕೆ ಮುಚ್ಚಳ ಮದ್ದಾ ಎಂದು ನಕ್ಕವರೇ ಆಮೇಲೆ ಚೀಲ ಹೊಲಿಸಿಕೊಡಿ ಎಂದು ಬಂದರು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇವೆ.

2020ರಲ್ಲಿ ಮೊದಲು ಆತಂಕ ಅಳೆಯುವ ಏಳು ಪ್ರಶ್ನೆಗಳ ಜಿಎಡಿ-7 ಫಾರ್ಮ್ ಹಂಚಿದೆವು. ಮೇಲೆ ಹೆಸರು, ಎಂಪ್ಲಾಯಿ ನಂಬರ್. ಯಾರು ತಾನೇ ನಿಜ ಬರೆಯುತ್ತಾರೆ? ಏಳೂ ಪ್ರಶ್ನೆಗೆ ಸೊನ್ನೆ. ಗುತ್ತಿಗೆಯ ಹೌಸ್‌ಕೀಪಿಂಗ್‌ನವರಿಗಂತೂ ಬಾಯಿಬಿಟ್ಟರೆ ಕೆಲಸವೇ ಹೋದೀತೆಂಬ ದಿಗಿಲು. ನಿಮ್ಹಾನ್ಸ್ ಸಹಾಯವಾಣಿಯ ಪೋಸ್ಟರ್ ಅಂಟಿಸಿದೆವು. ಆರು ತಾಸು ಪಿಪಿಇ (ಮೈಪೂರ್ತಿ ಮುಚ್ಚುವ ರಕ್ಷಣಾ ಉಡುಪು) ಒಳಗೆ ಬೆಂದವರು ಬಿಚ್ಚಿದ ಮೇಲೆ ಸ್ನಾನದ ಮನೆ ಕಡೆ ನೋಡುತ್ತಾರೆಯೇ ಹೊರತು ಫೋನಿನ ಕಡೆಯಲ್ಲ.

ಮುಚ್ಚಳ ಎಂದರೆ ಇಂಜೆಕ್ಷನ್ ವೈಯಲ್ ಮೇಲಿನ ಬಣ್ಣದ ಪ್ಲಾಸ್ಟಿಕ್ ಮುಚ್ಚಳ. ಕೋವಿಡ್ ವಾರ್ಡಿನದು ಬೇಡ, ಓಟಿ (ಆಪರೇಷನ್ ಥಿಯೇಟರ್) ಕಡೆಯದನ್ನು ಕೂಡಿಹಾಕಿ ತೊಳೆದು ಒಣಗಿಸಿ. ಸ್ನಾನ ಮುಗಿಸಿ ಬಂದವರ ಕೈಗೆ ಮೂರು ಬಣ್ಣವೂ ಕೊಡಬೇಕು. ಹಸಿರು ಅಂದರೆ ಪರವಾಗಿಲ್ಲ, ಹಳದಿ ಅಂದರೆ ನಿದ್ದೆ ಇಲ್ಲ, ಕೆಂಪು ಅಂದರೆ ನಾಳೆ ಬರಲು ಮನಸ್ಸಿಲ್ಲ. ಒಂದು ಎಣಿಕೆಯ ಚೀಲಕ್ಕೆ, ಉಳಿದೆರಡು ವಾಪಸ್ ಚೀಲಕ್ಕೆ. ಮೊದಲು ಪಾರದರ್ಶಕ ಡಬ್ಬಿಯನ್ನು ಇನ್‌ಚಾರ್ಜ್ ಸಿಸ್ಟರ್ ಟೇಬಲ್ ಮೇಲಿಟ್ಟಿದ್ದೆವು. ವಾರವಿಡೀ ಬರೀ ಹಸಿರು! ಕೈ ಒಳಗೆ ಹೋಗುವ ದಪ್ಪ ಬಟ್ಟೆಯ ಚೀಲ ಬಂದ ದಿನ ಇಪ್ಪತ್ತು ಚಿಲ್ಲರೆ ಜನರಲ್ಲಿ ಏಳೋ ಎಂಟೋ ಕೆಂಪು.

ಎರಡು ಕೆಂಪು ಕಂಡರೆ ಆ ಪಾಳಿಯವರೆಲ್ಲ ಹತ್ತು ನಿಮಿಷ ಚಹಾಕ್ಕೆ ಕೂರಬೇಕು. ಕೆಂಪು ಯಾರದ್ದೆಂದು ಹುಡುಕಿದಿರೋ, ಕೆಟ್ಟಿತು. ಕೇಳುವುದು ಒಂದೇ ಪ್ರಶ್ನೆ: ನಾಳೆ ಏನು ಬದಲಾಗಬೇಕು? ರೋಗಿಯ ಹತ್ತಿರ ಹೋಗಲು ಹೆದರಿಕೆ ಎಂದವರು ಕಡಿಮೆ. ರಾತ್ರಿ ಹತ್ತಕ್ಕೆ ಬರುವ ಡ್ಯೂಟಿ ಪಟ್ಟಿ, ಮನೆ ಖಾಲಿ ಮಾಡಿ ಎನ್ನುವ ಓನರ್, ಒಬ್ಬರೇ ಪಿಪಿಇ ಬಿಚ್ಚುವುದು, ಇವೇ ಹೆಚ್ಚು. ಪಟ್ಟಿಯನ್ನು ಹತ್ತು ದಿನ ಮೊದಲೇ ಹಾಕಿದೆವು. ಒಂದು ಪೈಸೆ ಖರ್ಚಿಲ್ಲ, ಕೆಂಪು ಅರ್ಧಕ್ಕಿಳಿಯಿತು.

ಬಿಚ್ಚುವ ಭಯಕ್ಕೆ ಇನ್ನೊಂದು ಪ್ರಯೋಗ. ನೋಟು ಪರೀಕ್ಷಿಸುವ ನೀಲಿ (ಯುವಿ) ಟಾರ್ಚ್, ಮುನ್ನೂರೋ ನಾನೂರೋ ಕೊಟ್ಟ ನೆನಪು. ಬಿಳಿ ಬಟ್ಟೆಗೆ ಹೊಳಪು ಕೊಡುವ ಪುಡಿಯನ್ನು (ಬ್ಲೀಚಿಂಗ್ ಪುಡಿ ಅಲ್ಲ) ಚಿಟಿಕೆಯಷ್ಟು ವ್ಯಾಸಲೀನಿನಲ್ಲಿ ಕಲಸಿ, ಅಭ್ಯಾಸಕ್ಕಿಟ್ಟ ಗೌನು, ಗ್ಲೌಸಿನ ಹೊರಮೈಗೆ ಹಚ್ಚಿ, ಬಿಚ್ಚಿಸಿ, ಕತ್ತಲಲ್ಲಿ ಟಾರ್ಚ್ ಬಿಟ್ಟೆವು. ಹೊಳೆದ ಜಾಗವೇ ಬಿಚ್ಚುವಾಗ ಹೊರಮೈಯದು ತಾಗಿದ ಜಾಗ. ಮೊದಲ ದಿನ ಅನಾಹುತ: ಒಳಗಿನ ಸ್ಕ್ರಬ್ ಬಟ್ಟೆ ಪೂರ್ತಿ ಹೊಳೆದು ಎಲ್ಲರ ಎದೆ ಧಸಕ್ಕೆಂದಿತು. ಒಗೆಯುವ ಸೋಪಿನ ಪುಡಿಯೂ ಹೊಳೆಯುತ್ತದೆ ಎನ್ನುವುದು ಆಗ ಹೊಳೆಯಿತು. ಚರ್ಮ ಮಾತ್ರ ನೋಡಿ: ಗ್ಲೌಸ್ ಮುಗಿಯುವ ಮಣಿಕಟ್ಟು, ಕಿವಿ ಕೆಳಗೆ, ಮಾಸ್ಕಿನ ಲಾಡಿ ತಾಗುವ ಕತ್ತು. ಮೈಯೆಲ್ಲ ವೈರಸ್ ಎನ್ನುತ್ತಿದ್ದವರು ಆಮೇಲೆ ಮಣಿಕಟ್ಟೊಂದನ್ನೇ ಹುಷಾರಾಗಿ ನೋಡಿಕೊಳ್ಳತೊಡಗಿದರು.

ಬಿಚ್ಚುವಾಗ ಎದುರು ನಿಂತು ಒಂದೊಂದೇ ಹೆಜ್ಜೆ ಹೇಳಿಕೊಡಲು ಜೋಡಿ ಮಾಡಿದೆವು. ಸೀನಿಯಾರಿಟಿ ನೋಡಿ ಹಾಕಿದ್ದು ಕೈಕೊಟ್ಟಿತು, ಕಿರಿಯರು ಹಿರಿಯರ ತಪ್ಪು ಹೇಳಲೇ ಇಲ್ಲ. ಆಮೇಲೆ ಯಾವ ಲೆಕ್ಕದಲ್ಲಿ ಹಾಕಿದೆವು ಎನ್ನುವುದು ನಮ್ಮಲ್ಲೇ ಇರಲಿ.