ಖೋನ್ ಕೇನ್ ಬಿಸಿಲಲ್ಲಿ ತೊಗರಿಬೇಳೆ: ನನ್ನ ಅನುಭವ

ನಾನು ಬಾಗಲಕೋಟೆಯವನು. ಕೆಲಸ ಈಶಾನ್ಯ ಥಾಯ್ಲೆಂಡಿನ ಖೋನ್ ಕೇನ್‌ನಲ್ಲಿ. ಎರಡೂ ಊರು ಹೆಚ್ಚುಕಡಿಮೆ ಒಂದೇ 16 ಡಿಗ್ರಿ ಅಕ್ಷಾಂಶದಲ್ಲಿವೆ. ಬಾಗಲಕೋಟೆಯ ಮಾಳಿಗೆ ಮೇಲೆ ಬರೀ ಬಿಸಿಲಲ್ಲೇ ಬೇಳೆ ಬೇಯಿಸಿದ ಸೋಲಾರ್ ಪೆಟ್ಟಿಗೆ ಇಲ್ಲೇಕೆ ಬೇಯಿಸದು ಅಂತ ಮೊದಲ ವರ್ಷ ಏಪ್ರಿಲ್‌ನಲ್ಲೇ ಶುರು ಮಾಡಿದೆ. ಮೈ ಬೆಂದುಹೋಗುವಂಥ ಧಗೆ. ಮೂರು ತಾಸಾದರೂ ಬೇಳೆ ಮಾತ್ರ ಬೇಯಲಿಲ್ಲ. ಮನೆ ಮಾಲಕರು (ಎಲ್ಲರಂತೆ ನಾನೂ 'ಪಾ' ಅಂತೀನಿ, ಥಾಯ್‌ನಲ್ಲಿ ದೊಡ್ಡಮ್ಮ ಅಂತ) ಬಗ್ಗಿ ನೋಡಿ ನಕ್ಕು ಹೋದರು. ನನ್ನ ಹೆಂಡತಿ ನಗಲೂ ಇಲ್ಲ.

ತಪ್ಪು ಪೆಟ್ಟಿಗೆಯದು ಅಂದುಕೊಂಡೆ. ರಟ್ಟು ತೆಗೆದು ಪ್ಲೈವುಡ್ ಹಾಕಿದೆ, ಒಳಗೆ ಥರ್ಮೋಕೋಲ್ ತುಂಬಿದೆ. ಅದು ಕಾವಿಗೆ ಮುದುಡಿ ಹಪ್ಪಳದಂತಾಯಿತು. ಅಂಗಡಿಯ ಕಪ್ಪು ಎನಾಮಲ್ ಬಳಿದರೆ ಅನ್ನಕ್ಕೆಲ್ಲ ಪೇಂಟ್ ವಾಸನೆ. ಗಾಜನ್ನು ಚೌಕಟ್ಟಿಗೆ ಬಿಗಿಯಾಗಿ ಕೂರಿಸಿದ್ದೆ, ಹಿಗ್ಗಲು ಜಾಗವಿಲ್ಲದೆ ಎರಡು ಸಲ ಸೀಳಿತು. ಅಷ್ಟರಲ್ಲಿ, ಫೆಚಬುರಿಯಲ್ಲಿ ಒಬ್ಬರು ಗೋಡೆಯಷ್ಟು ಕನ್ನಡಿ ಜೋಡಿಸಿ ರಸ್ತೆ ಪಕ್ಕ ಕೋಳಿ ಸುಟ್ಟು ಮಾರುತ್ತಾರೆಂದು ಓದಿ, ಸುಮಾರು ಮೂರೂವರೆ ಸಾವಿರ ಬಾತ್ (ಥಾಯ್ ದುಡ್ಡು) ಕೊಟ್ಟು, ಬಿಸಿಲನ್ನು ಪಾತ್ರೆಯ ಮೇಲೆ ಕೂಡಿಸುವ ಕನ್ನಡಿಯಂಥ ಡಿಶ್ ತರಿಸಿದೆ. ಕಾಲು ತಾಸಿಗೊಮ್ಮೆ ಸೂರ್ಯನತ್ತ ತಿರುಗಿಸುತ್ತಿರಬೇಕು. ಒಂದು ಫೋನ್ ಬಂತು, ಹಾಲು ತಳ ಹಿಡಿಯಿತು. ಮುಂದಿನ ವಾರ ಗಾಳಿಗೆ ಡಿಶ್ಶೇ ಮಗುಚಿತು. ಆ ಹೊತ್ತಿಗೆ ಆರೂವರೆ ಸಾವಿರ ಹೋಗಿತ್ತು.

ಧಗೆಯನ್ನೇ ಬಿಸಿಲು ಅಂದುಕೊಂಡಿದ್ದೆ, ಎಡವಿದ್ದು ಅಲ್ಲಿ. ಮಾರ್ಚ್-ಏಪ್ರಿಲ್‌ನಲ್ಲಿ ಇಲ್ಲಿ ಕೂಳೆ, ಕಬ್ಬಿನ ಗದ್ದೆ ಸುಟ್ಟ ಹೊಗೆ, ಮೇಲೆ ತೇವ. ಆಕಾಶ ನೀಲಿಯಲ್ಲ, ಗಂಜಿಯಂತೆ ಬೆಳ್ಳಗೆ. ಚದುರಿದ ಬೆಳಕನ್ನು ಕನ್ನಡಿ ಒಂದೆಡೆಗೆ ತಿರುಗಿಸಲಾರದು. ನೆರಳಿನ ಅಂಚು ಚೂಪಾಗಿಲ್ಲವೋ, ಪಾತ್ರೆ ಇಡಬೇಡಿ. ಜನ ಸ್ವೆಟರ್ ಹಾಕಿ ಓಡಾಡುವ ಡಿಸೆಂಬರ್-ಜನವರಿಯಲ್ಲಿ ಆಕಾಶ ತೊಳೆದಿಟ್ಟಂತಿರುತ್ತದೆ. ಸೂರ್ಯ ಮಾತ್ರ ನಡುಹಗಲಲ್ಲೂ ಐವತ್ತು ಡಿಗ್ರಿಯ ಎತ್ತರಕ್ಕಷ್ಟೇ ಏರುತ್ತಾನೆ. ಪೆಟ್ಟಿಗೆಯ ಬೆನ್ನಿಗೆ ಇಟ್ಟಿಗೆ ಕೊಟ್ಟು ದಕ್ಷಿಣಕ್ಕೆ ಬಾಗಿಸಿದರೆ ಆಯಿತು.

ಈಗಿನ ಪೆಟ್ಟಿಗೆಗೆ ಎರಡು ಪದರ ಗಾಜು, ಸುತ್ತ ಆರು ಬೆರಳು ದಪ್ಪ ಭತ್ತದ ಹೊಟ್ಟು. ರೈಸ್‌ಮಿಲ್‌ನಲ್ಲಿ ಚೀಲಕ್ಕೆ ಮೂವತ್ತು ಬಾತ್ ಕೊಟ್ಟ ನೆನಪು. ಥರ್ಮೋಕೋಲ್‌ಗಿಂತ ಇದೇ ವಾಸಿ. ಮಳೆಗಾಲದಲ್ಲಿ ತೇವ ಎಳೆಯುತ್ತದೆ, ಅಕ್ಟೋಬರ್ ಕೊನೆಗೆ ತೆಗೆದು ಹರಡಿ ಒಣಗಿಸಬೇಕು. ಒಟ್ಟು ಖರ್ಚು ಸಾವಿರದ ಒಂಬೈನೂರು ಬಾತ್. ಒಳಗೆ 130 ಡಿಗ್ರಿ ದಾಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಪ್ಪು ಬಣ್ಣಕ್ಕೆ ಏನು ಬೆರೆಸಿದೆ, ಗಾಜಿನ ಅಂಚನ್ನು ಯಾವುದರಿಂದ ಮುಚ್ಚಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಬ್ಯಾಂಕಾಕಿನ ಭಾರತೀಯ ಪೇಟೆ ಫಾಹುರಾಟ್‌ನಿಂದ ತಂದ ತೊಗರಿಬೇಳೆ, ಕಾಲು ಕಿಲೋ, ನೆನೆಸಿದ್ದು, ಎರಡು ತಾಸಿಗೆ ಬೆಣ್ಣೆ.

ನಡುವೆ ಬಾಳೆಹಣ್ಣನ್ನೂ ಇಟ್ಟು ನೋಡಿದೆ. ಫಿಟ್ಸನುಲೋಕ್ ಕಡೆಯ ಒಣಬಾಳೆಹಣ್ಣು ತಿಂದವರಿಗೆ ಆ ಆಸೆ ಬಾರದೇ ಇರದು. ಮುಚ್ಚಿದ ಪೆಟ್ಟಿಗೆಯಲ್ಲಿ ಹಣ್ಣು ಒಣಗಲಿಲ್ಲ, ಬೆಂದು ಹಲ್ವಾ ಆಯಿತು. ಗಾಜನ್ನು ಒಂದು ಬೆರಳು ಎತ್ತಿಟ್ಟ ಮೇಲೆ ಸರಿಹೋಯಿತು. ಇರುವೆಗಳಿಗೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ.

ಉಳಿತಾಯ ಎಷ್ಟು ಅಂತೀರಾ? ನಾನೂರು ಚಿಲ್ಲರೆ ಬಾತಿನ ಸಿಲಿಂಡರ್ ಎರಡು ತಿಂಗಳು ಬರುತ್ತಿತ್ತು, ನವೆಂಬರ್‌ನಿಂದ ಫೆಬ್ರವರಿವರೆಗೆ ಈಗ ಒಂದೇ ಸಾಕು. ವರ್ಷಕ್ಕೆ ನಾನೂರು ಉಳಿದರೆ ಈ ಪೆಟ್ಟಿಗೆಯ ದುಡ್ಡು ಐದು ವರ್ಷಕ್ಕೆ ವಾಪಸ್. ಹಾಳುಮಾಡಿದ್ದೂ ಸೇರಿ ಇಪ್ಪತ್ತೊಂದು ವರ್ಷ. ಈ ಲೆಕ್ಕ ಹೆಂಡತಿಯದು.

ಪಾ ಅವರ ಅಂಟಕ್ಕಿ ಮಾತ್ರ ನನ್ನಿಂದ ಆಗಲಿಲ್ಲ. ಅದಕ್ಕೆ ರಭಸದ ಹಬೆ ಬೇಕು, ಪೆಟ್ಟಿಗೆ ಅಷ್ಟು ಹಬೆ ಎಬ್ಬಿಸದು. ಕಡಿಮೆ ನೀರಿಟ್ಟು ಬೇಯಿಸಿ ಕೊಟ್ಟೆ, ಒಂದು ತುತ್ತು ತಿಂದು ಕೋಳಿಗಳಿಗೆ ಹಾಕಿದರು. ಈಗ ಬೆಳಿಗ್ಗೆ ಒಂಬತ್ತಕ್ಕೆ ನಾನು ಕೇಳದಿದ್ದರೂ ಆರು ಮೊಟ್ಟೆ ತಂದು ಪೆಟ್ಟಿಗೆಯೊಳಗೆ ಇಟ್ಟು ಹೋಗುತ್ತಾರೆ. ಅಂಟಕ್ಕಿ ಇನ್ನೂ ಅವರ ಬಿದಿರು ಬುಟ್ಟಿಯಲ್ಲೇ, ಇದ್ದಿಲ ಒಲೆ ಮೇಲೆ.