ಶಾಲೆಗೆ ಬರಬೇಕಾದ ದುಡ್ಡು ಎಲ್ಲಿ ನಿಂತಿದೆ? ಹುಡುಕುವುದು ಹೀಗೆ

ಬಜೆಟ್ ದಿನ ಟಿವಿಯಲ್ಲಿ ಶಾಲಾ ಕೊಠಡಿಗಳಿಗೆ ಇಷ್ಟು ಕೋಟಿ ಅಂತ ಬರುತ್ತದೆ. ನಮ್ಮೂರ ಶಾಲೆಯಲ್ಲಿ ಮಾತ್ರ ಮಳೆ ಬಂದ ದಿನ ನಾಲ್ಕನೇ ತರಗತಿ ಮಕ್ಕಳು ಬ್ಯಾಗು ಎತ್ತಿಕೊಂಡು ಐದನೇ ತರಗತಿಗೆ ಹೋಗಿ ಒತ್ತಿಕೊಂಡು ಕೂರುತ್ತಾರೆ, ಯಾಕಂದ್ರೆ ಅವರ ಕೋಣೆಯ ಹೆಂಚು ಒಡೆದು ಬೋರ್ಡಿನ ಮುಂದೇ ನೀರು ತೊಟ್ಟಿಕ್ಕುತ್ತದೆ, ಅಲ್ಲೊಂದು ನೀಲಿ ಬಕೆಟ್ ಇಟ್ಟಿದ್ದಾರೆ. ಮೂರು ವರ್ಷ ನಾವು ಕೇಳಿದ್ದು ಒಂದೇ ಪ್ರಶ್ನೆ: 'ರಿಪೇರಿ ಯಾವಾಗ ಸಾರ್?' ಸಿಕ್ಕಿದ್ದೂ ಒಂದೇ ಉತ್ತರ: 'ಅನುದಾನ ಬಂದಿಲ್ಲ.'

ಹಾಗೆ ಕೇಳಿದರೆ ಏನೂ ಆಗಲ್ಲ. ಘೋಷಣೆ ಅನ್ನೋದು ದುಡ್ಡಾಗುವ ಮುಂಚೆ ಕಾಗದಗಳನ್ನು ದಾಟಬೇಕು. ಮೊದಲು ಬಜೆಟ್ ಪುಸ್ತಕದಲ್ಲಿ ಮೊತ್ತ. ಆಮೇಲೆ ಸರ್ಕಾರಿ ಆದೇಶ, ಅದರ ಜೊತೆ ಶಾಲೆಗಳ ಪಟ್ಟಿ. ನಂತರ ಹಣ ಬಿಡುಗಡೆ ಆದೇಶ. ಕೊನೆಗೆ ಹಣ ಬಳಕೆ ಪ್ರಮಾಣಪತ್ರ. ನಿಮ್ಮ ಶಾಲೆಯ ದುಡ್ಡು ಇದರಲ್ಲಿ ಯಾವ ಕಾಗದದ ಹತ್ತಿರ ನಿಂತಿದೆ ಅಂತ ಕೇಳಿ.

ಮೊದಲ ಕೆಲಸ, ಒಂದೇ ಶಾಲೆ, ಒಂದೇ ವಿಷಯ ಹಿಡಿಯಿರಿ. ರಾಜ್ಯದ ಶಿಕ್ಷಣದ ಪರಿಸ್ಥಿತಿ ಬಗ್ಗೆ ಕೇಳಿದರೆ ಯಾರೂ ಉತ್ತರ ಕೊಡಬೇಕಿಲ್ಲ. ಶೌಚಾಲಯವೋ, ಕೊಠಡಿಯೋ, ಒಂದನ್ನು ಆರಿಸಿ. ಶಾಲೆಯ 11 ಅಂಕಿಯ ಯುಡೈಸ್ ಸಂಖ್ಯೆ, ಅಂದ್ರೆ ಪ್ರತಿ ಶಾಲೆಗೂ ಸರ್ಕಾರ ಕೊಟ್ಟಿರುವ ಗುರುತಿನ ಸಂಖ್ಯೆ, ಬರೆದಿಟ್ಟುಕೊಳ್ಳಿ, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಒಂದೇ ಹೆಸರಿನ ಶಾಲೆಗಳು ಜಾಸ್ತಿ ಇರುವುದರಿಂದ ಈ ಸಂಖ್ಯೆ ಬಿಟ್ಟು ಅರ್ಜಿ ಬರೆಯಲೇಬೇಡಿ.

ಎರಡನೆಯದು ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಇದು 2001ರಿಂದಲೇ ನಮ್ಮ ಸರ್ಕಾರಿ ಶಾಲೆಗಳಲ್ಲಿದೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಸರ್ಕಾರದಿಂದ ಬಂದ ಹಣದ ಬಳಕೆ ಮೇಲೆ ಕಣ್ಣಿಡುವುದು, ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು ಈ ಸಮಿತಿಯ ಕೆಲಸ ಅಂತ ಕಾಯ್ದೆಯಲ್ಲೇ ಇದೆ. ಸಭೆಗೆ ಹೋಗಿ ನಗದು ಪುಸ್ತಕ, ಪಾಸ್‌ಬುಕ್, ನಡಾವಳಿ ಪುಸ್ತಕ ಮೂರನ್ನೂ ನೋಡಿ. ಕೇಂದ್ರ, ರಾಜ್ಯ ಸೇರಿ ನಡೆಸುವ ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ ಶಾಲಾ ಅನುದಾನ ಮಕ್ಕಳ ಲೆಕ್ಕದ ಮೇಲೆ: 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000. ಪಾಸ್‌ಬುಕ್ಕಿನಲ್ಲಿ ಅಷ್ಟು ಬಂದಿದೆಯಾ, ಯಾವ ತಿಂಗಳು ಬಂತು ನೋಡಿ. ವರ್ಷದ ಕೊನೆಗೆ ಬಂದರೆ ಖರ್ಚು ಮಾಡಲು ಟೈಮೇ ಇರಲ್ಲ, ಮಾರ್ಚ್ 31 ಎದುರಿಗೆ ನಿಂತಿರುತ್ತದೆ.

ಇಲ್ಲಿ ಒಂದು ಮಾತು. ಮುಖ್ಯ ಶಿಕ್ಷಕರ ಮೇಲೆ ರೇಗಬೇಡಿ. ಸೀಮೆಸುಣ್ಣ, ಪೊರಕೆಗೆ ಕೈಯಿಂದ ಹಾಕಿದವರನ್ನು ನಾನು ನೋಡಿದ್ದೇನೆ. ಅವರನ್ನು ಜೊತೆಗೆ ಇಟ್ಟುಕೊಂಡರೆ ಯಾವ ಕಾಗದ ಎಲ್ಲಿದೆ ಅಂತ ಅವರೇ ಹೇಳುತ್ತಾರೆ.

ಮೂರನೆಯದು ಮಾಹಿತಿ ಹಕ್ಕು ಅರ್ಜಿ. 2005ರ ಕಾಯ್ದೆ, 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು, ಹಾಗಾಗಿ ಕಷ್ಟಸುಖ ಎಲ್ಲ ಬರೆಯಲು ಹೋಗಬೇಡಿ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೀಗೆ ಬರೆಯಿರಿ:

'ಈ ಯುಡೈಸ್ ಸಂಖ್ಯೆಯ ಶಾಲೆಯ ಕೊಠಡಿ ದುರಸ್ತಿಗೆ 2022ರ ಏಪ್ರಿಲ್ 1ರಿಂದ ಇಂದಿನವರೆಗೆ ಮಂಜೂರಾದ ಮೊತ್ತ, ಬಿಡುಗಡೆಯಾದ ಮೊತ್ತ ಮತ್ತು ದಿನಾಂಕ, ಖರ್ಚಾದ ಮೊತ್ತ, ಸಂಬಂಧಪಟ್ಟ ಆದೇಶ ಮತ್ತು ಹಣ ಬಳಕೆ ಪ್ರಮಾಣಪತ್ರದ ನಕಲು ಕೊಡಿ. ಶಾಲೆಯಿಂದ ಬಂದ ಪ್ರಸ್ತಾವವನ್ನು ಮೇಲಿನ ಕಚೇರಿಗೆ ಕಳುಹಿಸಿದ ಪತ್ರದ ನಕಲು ಕೊಡಿ.'

'ಯಾಕೆ ಕೊಟ್ಟಿಲ್ಲ' ಅಂತ ಬರೆಯಬೇಡಿ. ಈ ಕಾಯ್ದೆಯಲ್ಲಿ ಸಿಗುವುದು ದಾಖಲೆ, ವಿವರಣೆ ಅಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೂ ಸರಿಯಾದ ಉತ್ತರ ಇಲ್ಲ ಅಂದ್ರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಈ ದಿನಾಂಕಗಳನ್ನು ಗೋಡೆ ಕ್ಯಾಲೆಂಡರಿನಲ್ಲೇ ಗುರುತು ಹಾಕಿ, ಎಷ್ಟೋ ಜನ ಸುಮ್ನೆ ಗಡುವು ಮೀರಿ ಕೈಬಿಡುತ್ತಾರೆ.

ಕಾಗದ ಕೈಗೆ ಬಂದ ಮೇಲೆ ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ. ಶಾಸಕರಿಗೆ ನಕಲು ಕೊಟ್ಟು, ಅಧಿವೇಶನದಲ್ಲಿ ಪ್ರಶ್ನೆ ಕೇಳಿ ಅಂತ ಲಿಖಿತವಾಗಿ ಕೋರಿ. ಸದನದಲ್ಲಿ ಮಂತ್ರಿ ಕೊಟ್ಟ ಲಿಖಿತ ಉತ್ತರ ದಾಖಲೆಯಾಗಿ ಉಳಿಯುತ್ತದೆ, ಅದನ್ನು ಮುಂದಿನ ವರ್ಷವೂ ತೋರಿಸಬಹುದು.

ನಮ್ಮ ಶಾಲೆಯ ವಿಷಯದಲ್ಲಿ ಉತ್ತರ ಬಂದಾಗ ತಿಳಿದದ್ದು ಇಷ್ಟು: ಅನುದಾನ ತಡವಾಗಿರಲಿಲ್ಲ, ನಮ್ಮ ಪ್ರಸ್ತಾವವೇ ಮೇಲಿನ ಕಚೇರಿಗೆ ಹೋಗಿರಲಿಲ್ಲ. ಬರುವುದೇ ಇಲ್ಲದ ದುಡ್ಡಿಗೆ ಮೂರು ವರ್ಷ ಕಾದಿದ್ದೆವು. ಆ ವಾರವೇ ಎಸ್‌ಡಿಎಂಸಿ ಸಭೆ ಕರೆದು ಠರಾವು ಮಾಡಿ, ಹೆಂಚಿನ ಫೋಟೊ ಅಂಟಿಸಿ, ಎರಡು ಪ್ರತಿ ಒಯ್ದು ಒಂದರ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ಬಂದೆವು. ಆ ಪ್ರತಿ ಈಗ ಶಾಲೆಯ ಬೀರುವಿನಲ್ಲಿದೆ, ಮುಂದಿನ ಪಟ್ಟಿ ಬಂದ ದಿನ ಅದನ್ನು ಹಿಡಿದುಕೊಂಡೇ ನಮ್ಮ ಶಾಲೆಯ ಹೆಸರು ಹುಡುಕುತ್ತೇವೆ.