ಶೇ 38 ರಿಯಾಯಿತಿಯ ಲ್ಯಾಪ್‌ಟಾಪ್ ಬಿಟ್ಟು ಶೇ 29ರದ್ದು ಕೊಂಡೆವು

ಹಬ್ಬದ ಮಾರಾಟದ ಜಾಹೀರಾತಿನಲ್ಲಿ ರಿಯಾಯಿತಿಯ ಲೆಕ್ಕ ಶುರುವಾಗುವುದೇ ಎಂಆರ್‌ಪಿಯಿಂದ. ಲ್ಯಾಪ್‌ಟಾಪನ್ನು ಆ ಬೆಲೆಗೆ ಯಾರಾದರೂ ಮಾರಿದ್ದನ್ನು ನಾನಂತೂ ಕಂಡಿಲ್ಲ. ಆದ್ದರಿಂದ ಶೇಕಡಾ ಎಷ್ಟು ಎಂದು ನೋಡುವುದನ್ನೇ ಬಿಟ್ಟು, ಅದೇ ಯಂತ್ರ ಎರಡು ತಿಂಗಳ ಹಿಂದೆ ಎಷ್ಟಕ್ಕೆ ಸಿಗುತ್ತಿತ್ತು ಎಂದು ನೋಡಿದೆ.

2024ರಲ್ಲಿ ಅಣ್ಣನ ಮಗನಿಗೆ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಅವನಿಗೊಂದು ಲ್ಯಾಪ್‌ಟಾಪ್ ಕೊಳ್ಳಬೇಕಿತ್ತು. ಅಣ್ಣ ಅಮರಗೋಳದ ಎಪಿಎಂಸಿಯಲ್ಲಿ ಹೆಸರುಕಾಳು ಮಾರಿ ಅದಕ್ಕೆಂದು ಹಣ ತಂದಿದ್ದ. ಅದರಲ್ಲಿ ಒಂದು ಸಾವಿರ ವ್ಯರ್ಥವಾದರೂ ನನಗೆ ಸಹಿಸಲಾಗುತ್ತಿರಲಿಲ್ಲ. ಶ್ರಾವಣದಿಂದಲೇ ಕೆಲವು ಮಾದರಿಗಳ ಆನ್‌ಲೈನ್ ಬೆಲೆಯನ್ನು ವಹಿಯಲ್ಲಿ ಬರೆದಿಡುತ್ತ ಬಂದೆ. ಬರೆಯುವಾಗ ಮಾದರಿಯ ಪೂರ್ತಿ ಸಂಖ್ಯೆ ಬೇಕು. ಹೆಸರು ಒಂದೇ ಇದ್ದರೂ ಕೊನೆಯ ಅಕ್ಷರಗಳು ಬದಲಾದರೆ ಕೆಲಸದ ಮೆಮೊರಿಯಾದ ರ‍್ಯಾಮ್, ಪರದೆ ಎಲ್ಲವೂ ಬೇರೆಯಾಗಿರಬಹುದು.

ಒಂದು ಮಾದರಿ ಶ್ರಾವಣದಲ್ಲಿ 39,990 ರೂಪಾಯಿ ಇತ್ತು. ದಸರಾ ಮಾರಾಟದ ಹಿಂದಿನ ವಾರ 42,990ಕ್ಕೆ ಏರಿತು. ಮಾರಾಟದ ದಿನ 37,990 ಆಯಿತು. 61,990ರ ಎಂಆರ್‌ಪಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ‘ಶೇ 38’ ಎಂದು ಹಾಕಿದ್ದರು. ನನ್ನ ವಹಿಯ ಪ್ರಕಾರ ಇಳಿದದ್ದು 2,000, ಅಂದರೆ ಶೇ 5.

ಅದರೊಳಗಿನ ಪ್ರೊಸೆಸರ್, ಅಂದರೆ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್, ಎಎಂಡಿ ಕಂಪನಿಯ ರೈಜೆನ್ 5 7520ಯು. 7520ರ ಮೊದಲ ಅಂಕಿ 7 ನೋಡಿದವರು ಹೊಸದೆಂದೇ ತಿಳಿಯುತ್ತಾರೆ. ಎಎಂಡಿಯ ಆ ಸಾಲಿನಲ್ಲಿ ಒಳಗಿನ ವಿನ್ಯಾಸ ಯಾವ ಕಾಲದ್ದು ಎಂದು ಹೇಳುವುದು ಮೂರನೆಯ ಅಂಕಿ. ಇಲ್ಲಿ ಅದು 2, ಅಂದರೆ 2019ರಲ್ಲಿ ಬಂದ ಜೆನ್ 2 ವಿನ್ಯಾಸ, ನಾಲ್ಕು ಕೋರ್ (ಕೆಲಸ ಮಾಡುವ ಘಟಕ). ಹೆಸರಿನಲ್ಲಿ ಒಂದೇ ಅಂಕಿ ಬೇರೆ ಇರುವ 7530ಯುನಲ್ಲಿ ಜೆನ್ 3, ಆರು ಕೋರ್. ಇನ್ನೂ ಮುಖ್ಯವಾದದ್ದು ರ‍್ಯಾಮ್. 7520ಯು ಜೊತೆಗೆ ಬರುವ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. 8 ಜಿಬಿ ಕೊಂಡರೆ ಕೊನೆಯವರೆಗೂ 8 ಜಿಬಿಯೇ. ನಾಲ್ಕು ವರ್ಷ ಓದಬೇಕಾದ ಹುಡುಗನಿಗೆ ಅದನ್ನು ಕೊಡಿಸಲು ನನಗೆ ಮನಸ್ಸಾಗಲಿಲ್ಲ.

ಹಾಗೆಂದು ಎಲ್ಲ ರಿಯಾಯಿತಿಯೂ ಸುಳ್ಳಲ್ಲ. ಇಂಟೆಲ್ ಕಂಪನಿಯ ಐ5-1235ಯು ಪ್ರೊಸೆಸರ್ ಇರುವ, 16 ಜಿಬಿ ರ‍್ಯಾಮಿನ ಒಂದು ಮಾದರಿ ಶ್ರಾವಣದಲ್ಲಿ 52,990 ಇದ್ದದ್ದು ಮಾರಾಟದಲ್ಲಿ 46,490ಕ್ಕೆ ಬಂತು. ಜಾಹೀರಾತಿನಲ್ಲಿ ‘ಶೇ 29’ ಮಾತ್ರ ಇತ್ತು, ನಿಜವಾದ ಇಳಿಕೆ 6,500 ರೂಪಾಯಿ. ಕಾರಣ ಸರಳ: 12ನೇ ತಲೆಮಾರಿನ ಆ ಚಿಪ್ 2022ರದ್ದು, ಹೊಸ ತಲೆಮಾರು ಬಂದ ಮೇಲೆ ಹಳೆಯ ದಾಸ್ತಾನು ಖಾಲಿಯಾಗಲೇಬೇಕು. ಪ್ರೋಗ್ರಾಮಿಂಗ್ ಕಲಿಯುವವನಿಗೆ ಅದು ಧಾರಾಳ.

ಕೊಪ್ಪಿಕರ್ ರಸ್ತೆಯ ಅಂಗಡಿಯೊಂದರಲ್ಲಿ ಅದೇ ಮಾದರಿಗೆ ಆನ್‌ಲೈನ್ ದರಕ್ಕಿಂತ 500 ಹೆಚ್ಚು ಕೇಳಿದರು. ನಾನು ಪೆಟ್ಟಿಗೆ ತಿರುಗಿಸಿ ತೋರಿಸಲು ಹೇಳಿದೆ. ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಪೆಟ್ಟಿಗೆಯ ಮೇಲೆ ಮುದ್ರಿಸಬೇಕೆಂದು ಕಾನೂನೇ ಇದೆ. ಮೊದಲು ತಂದ ಪೆಟ್ಟಿಗೆಯಲ್ಲಿ ಸುಮಾರು ಎರಡು ವರ್ಷ ಹಿಂದಿನ ತಿಂಗಳಿತ್ತು. ಬಳಸದೆ ಇಟ್ಟರೂ ಬ್ಯಾಟರಿ ಸವೆಯುತ್ತದೆ, ಬೇರೆ ಕೊಡಿ ಎಂದೆ. ಒಳಗಿನಿಂದ ಅದೇ ವರ್ಷದ್ದನ್ನು ತಂದರು.

ಕ್ರೆಡಿಟ್ ಕಾರ್ಡಿನ ‘ಬಡ್ಡಿರಹಿತ’ ಕಂತನ್ನು ನಾವು ಬೇಡವೆಂದೆವು. ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಕಡಿಮೆ ಮಾಡಿ ತೋರಿಸುತ್ತಾರೆ ನಿಜ, ಆದರೆ ಬ್ಯಾಂಕು ಬಡ್ಡಿ ಹಾಕುತ್ತದೆ, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿಯೂ ಸೇರುತ್ತದೆ. ಸಂಸ್ಕರಣಾ ಶುಲ್ಕ ಬೇರೆ. ಅಣ್ಣ ನಗದು ಎಣಿಸಿ ಕೊಟ್ಟ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡು, ಅಂಗಡಿಯಲ್ಲೇ ಕಂಪನಿಯ ಜಾಲತಾಣದಲ್ಲಿ ಅದನ್ನು ಹಾಕಿ ನೋಡಿದೆ. ವಾರಂಟಿ ಹಿಂದೆ ಯಾವಾಗಲೋ ಶುರುವಾಗಿರಲಿಲ್ಲ. ಆಮೇಲೆಯೇ ಪೆಟ್ಟಿಗೆ ಎತ್ತಿಕೊಂಡೆವು.